ಸೋಪು, ಗಂಜಿ ಮತ್ತು ನನ್ನ ವಾದ

ವಾದದಲ್ಲಿ ಗೆಲ್ಲುವವನಿಗೆ ಬುದ್ಧಿ ಇರಲೇಬೇಕೆಂದಿಲ್ಲ. ಎದುರಿನವರಿಗೆ ಬಾಯಿ ತೆರೆಯಲು ಬಿಡದಿದ್ದರೆ ಸಾಕು. ಈ ಒಂದೇ ಅರ್ಹತೆಯಿಂದ ನಾನು ತಿಪಟೂರಿನ ನಮ್ಮ ಕಾಲೇಜಿಗೆ ಎರಡು ವರ್ಷ ಚರ್ಚಾಸ್ಪರ್ಧೆಯ ಷೀಲ್ಡು ತಂದಿದ್ದೆ. ಮನೆಯಲ್ಲಿ ಮಾತ್ರ ಈ ಕೀರ್ತಿ ನಡೆಯುತ್ತಿರಲಿಲ್ಲ. ಅಲ್ಲಿ ದೊಡ್ಡಮ್ಮನ ಆಳ್ವಿಕೆ. ಸೋಮವಾರ ಕ್ಷೌರವಿಲ್ಲ, ದೀಪ ಹಚ್ಚಿದ ಮೇಲೆ ಯಾರಿಗೂ ಉಪ್ಪು ಕೊಡುವಂತಿಲ್ಲ, ಸೋಪು ಹಚ್ಚಿದ ಬಟ್ಟೆಯನ್ನು ಮೂರು ನೀರಲ್ಲಿ ಜಾಲಿಸದೆ ಗಂಜಿಗೆ ಅದ್ದುವಂತಿಲ್ಲ. ಯಾಕೆಂದು ಕೇಳಿದರೆ, "ಅದು ಹಂಗೇ ಕಣ್ಲಾ." ಮೂರನ್ನೂ ಒಂದೇ ಗಂಟು ಕಟ್ಟಿ ಮೂಢನಂಬಿಕೆಯ ಮೂಲೆಗೆ ಎಸೆದಿದ್ದೆ.

ಮೂರನೇ ವರ್ಷವೂ ಗೆದ್ದರೆ ಷೀಲ್ಡು ನಮಗೇ ಖಾಯಂ. ಸ್ಪರ್ಧೆ ತುರುವೇಕೆರೆಯಲ್ಲಿ. ವಿಷಯ: ಕಾರಣ ಹೇಳದ ಹಿರಿಯರ ಮಾತನ್ನು ಕೇಳಬೇಕಿಲ್ಲ. ನಾನು ಪರ. ಹಿಂದಿನ ದಿನ, ಇದ್ದೊಂದು ಬಿಳಿ ಷರಟನ್ನು ನಾನೇ ಒಗೆದು, ಸೋಪಿನ ನೀರಿಗೇ ಅನ್ನದ ಗಂಜಿ ಸುರಿದೆ. ಎದ್ದ ನೊರೆ ನಾನು ಸ್ನಾನ ಮುಗಿಸಿ ಬಂದರೂ ಇಳಿದಿರಲಿಲ್ಲ.

"ಜಾಲಿಸ್ಲಾ ಅದ್ನ," ಎಂದಳು ದೊಡ್ಡಮ್ಮ.

"ಕಾರಣ ಹೇಳು," ಎಂದೆ. ಅವಳು ಬಾಯಿ ತೆರೆದಳು. ನಾನು ಅಭ್ಯಾಸಬಲದಿಂದ ಹತ್ತು ನಿಮಿಷ ಮಾತಾಡಿದೆ.

ಷರಟು ಹಲಗೆಯಂತೆ ಒಣಗಿತು. ತುರುವೇಕೆರೆಯಲ್ಲಿ ಬಸ್ಸಿಳಿದರೆ ತುಂತುರು. ವೇದಿಕೆಯ ಮೇಲೆ ನಾನು ಕೈ ಬೀಸಿದಷ್ಟೂ ಕಂಕುಳಲ್ಲಿ ನೊರೆ. ಮುಗಿಸುವ ಹೊತ್ತಿಗೆ ಅದು ಕತ್ತಿನವರೆಗೂ ಬಂದಿತ್ತು. ಎದುರಾಳಿ ಹುಡುಗಿ ಒಂದೇ ವಾಕ್ಯ ಹೇಳಿ ಕೂತಳು: "ಅಧ್ಯಕ್ಷರೇ, ಇವರ ಮನೆಯ ಹಿರಿಯರು ಏನು ಹೇಳಿದ್ದರೆಂದು ದಯವಿಟ್ಟು ವಿಚಾರಿಸಿ." ಷೀಲ್ಡು ಅವಳ ಜೊತೆ ಹೋಯಿತು.

ಕೆಮಿಸ್ಟ್ರಿ ಮೇಷ್ಟರು ಕಾರಣ ಹೇಳಿದರು. ಸೋಪಿನ ಕಣಗಳು ನೀರಿನ ಮೇಲ್ಮೈಯಲ್ಲಿ, ನೊಣವಿನಕೆರೆ ಬಸ್ಸಿನ ಬಾಗಿಲಲ್ಲಿ ನೇತಾಡುವವರಂತೆ, ತಲೆ ನೀರೊಳಗೆ, ಬಾಲ ಹೊರಗೆ ಇಟ್ಟು ನಿಲ್ಲುತ್ತವಂತೆ. ಅಂಥ ಗುಳ್ಳೆ ಬೇಗ ಒಡೆಯುತ್ತದೆ. ಗಂಜಿಯ ಕಣವೋ ಉದ್ದನೆಯ ಹುರಿ. ನೇತಾಡುವವರಿಗೆಲ್ಲ ಹಿಡಿಯಲು ಹಗ್ಗ ಸಿಕ್ಕಂತಾಗಿ ಮೇಲ್ಮೈ ಗಟ್ಟಿಯಾಗುತ್ತದೆ, ನೊರೆ ಬೀಳುವುದಿಲ್ಲ. ಎರಡೂ ಬಟ್ಟೆಯಲ್ಲಿ ಒಣಗಿ ಕೂತಿದ್ದು, ನೀರು ತಾಗಿದೊಡನೆ ಏಳುತ್ತವೆ.

ಇದನ್ನು ದೊಡ್ಡಮ್ಮನಿಗೆ ಕಾಲು ಗಂಟೆ ವಿವರಿಸಿದೆ.

"ಮೂರು ನೀರಲ್ಲಿ ಜಾಲಿಸ್ಬೇಕು, ಅಷ್ಟೇ ತಾನೆ?" ಎಂದಳು. "ನಿಮ್ಮ ದೊಡ್ಡಪ್ಪನ ಮದ್ವೆ ಷರಟ್ನಾಗೂ ಹಿಂಗೇ ನೊರೆ ಎದ್ದಿತ್ತು ಕಣ್ಲಾ. ಮೊನ್ನೆ ಅದ್ನೇ ಹೇಳಕ್ ಬಂದೆ. ನೀನೆಲ್ಲಿ ಬಾಯ್ ಮುಚ್ದೆ?"

ಈಗ ನಾನು ಷರಟನ್ನು ನಾಲ್ಕು ನೀರಲ್ಲಿ ಜಾಲಿಸುತ್ತೇನೆ. ಮೂರಕ್ಕೆ ನಿಲ್ಲಿಸಿದರೆ ಅವಳ ಮಾತು ಒಪ್ಪಿಕೊಂಡಂತಾಗುತ್ತದಲ್ಲ.