ಪರ್ತಿನಿಂದ ಬಂದ ಕ್ರೇಗ್

ರಮಾಕಾಂತನ ಸಂಸಾರದಲ್ಲಿ ಹತ್ತು ತಿಂಗಳಿಂದ ಒಂದು ಮುಳ್ಳು ಸಿಕ್ಕಿಕೊಂಡಿತ್ತು. ಆ ಮುಳ್ಳಿನ ಹೆಸರು ನಾಗೇಂದ್ರ. ಹೆಂಡತಿ ವೇದಾಳ ಅಕ್ಕ ಮಧುರಾಳ ಗಂಡ, ಅಂದರೆ ರಮಾಕಾಂತನಿಗೆ ಷಡ್ಡಕ. ಅಡಿಲೇಡಿನ ಬ್ಲೇರ್ ಅಥಾಲ್‌ನಲ್ಲಿ ಮನೆ. ಷಡ್ಡಕರ ಸಂಬಂಧ ಎಂಥದ್ದೆಂದು ಬಿಡಿಸಿ ಹೇಳಬೇಕಾಗಿಲ್ಲ. ಒಂದೇ ಮಾವನ ಮನೆಯಲ್ಲಿ ಇಬ್ಬರು ಅಳಿಯಂದಿರು ಊಟಕ್ಕೆ ಕೂತರೆ, ಒಬ್ಬನ ಎಲೆಗೆ ಬಿದ್ದ ತುಪ್ಪ ಇನ್ನೊಬ್ಬನ ಕಣ್ಣಿಗೆ ಯಾವಾಗಲೂ ಒಂದು ಮಿಳ್ಳೆ ಹೆಚ್ಚೇ ಕಾಣುತ್ತದೆ.

ಕಳೆದ ಡಿಸೆಂಬರಿನಲ್ಲಿ ಇವರು ಅಡಿಲೇಡಿಗೆ ಹೋಗಿದ್ದಾಗ ನಾಗೇಂದ್ರ ಎಲ್ಲರನ್ನೂ ಕರೆದುಕೊಂಡು ಹೋಗಿ ದಿನವಿಡೀ ಊರು ಸುತ್ತಿಸಿದ್ದ. ರಮಾಕಾಂತ್ ಮಾತ್ರ ಹೋಗಿರಲಿಲ್ಲ. ಟೀವಿಯಲ್ಲಿ ಕ್ರಿಕೆಟ್ ಇತ್ತು, ತಟ್ಟೆಯಲ್ಲಿ ಕೋಡುಬಳೆ ಇತ್ತು. ಸಂಜೆ ವಾಪಸು ಬಂದ ವೇದಾಳ ಮುಖ ಹಬ್ಬದ ದಿನದಂತೆ ಕಳಕಳ ಎನ್ನುತ್ತಿತ್ತು.

"ಭಾವ ಏನು ಚೆನ್ನಾಗಿ ತೋರಿಸಿದ್ರು ರೀ! ಒಂದೊಂದು ಕಲ್ಲಿಗೂ ಒಂದೊಂದು ಕತೆ!"

ಅಂದಿನಿಂದ ಈ ಕತೆ ವಾರಕ್ಕೊಮ್ಮೆಯಾದರೂ ಏಳುತ್ತಿತ್ತು. ಅದು ಎದ್ದ ಕೂಡಲೇ ರಮಾಕಾಂತನೂ ಎದ್ದು ಹೋಗಿ ಮನೆ ಮುಂದಿನ ಲಾನಿಗೆ ನೀರು ಬಿಡುತ್ತಿದ್ದ. ಹಾಗಾಗಿ ಅವನು ಆ ಕತೆಯನ್ನು ಒಮ್ಮೆಯೂ ಪೂರ್ತಿ ಕೇಳಿರಲಿಲ್ಲ. ಲಾನ್ ಮಾತ್ರ ಇಡೀ ಬೀದಿಯಲ್ಲಿ ಎಲ್ಲಕ್ಕಿಂತ ಹಸಿರಾಗಿತ್ತು.

ಈಗ ನಾಗೇಂದ್ರನ ಸಂಸಾರ ಬ್ರಿಸ್ಬೇನಿಗೆ ಬರುವುದಿತ್ತು. ಭಾನುವಾರ ಬೆಳಗಿನ ವಿಮಾನ. ಈ ಸಲ ಊರು ತೋರಿಸುವ ಸರದಿ ರಮಾಕಾಂತನದು. ಅವನ ಮನೆ ಬ್ರಿಸ್ಬೇನಿನ ಪಕ್ಕದ ಇಪ್ಸ್‌ವಿಚ್‌ನಲ್ಲಿ, ಕೆಲಸವೂ ಅಲ್ಲೇ ಒಂದು ಗೋದಾಮು ಕಂಪನಿಯಲ್ಲಿ. ಒಂಬತ್ತು ವರ್ಷದಲ್ಲಿ ಅವನು ಬ್ರಿಸ್ಬೇನನ್ನು ನೋಡಿದ್ದೆಲ್ಲ ಏರ್‌ಪೋರ್ಟಿಗೆ ಹೋಗುವ ರೈಲಿನ ಕಿಟಕಿಯಿಂದ. ಅಲ್ಲಿ ನೋಡುವಂಥದ್ದು ಏನಿದೆ ಎಂದು ಯಾರಾದರೂ ಕೇಳಿದರೆ "ನದಿ" ಎನ್ನುತ್ತಿದ್ದ. ಮತ್ತೇನು ಎಂದರೆ "ಸೇತುವೆ" ಎನ್ನುತ್ತಿದ್ದ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗೆ. ವೇದಾಳ ಎದುರು, ಆ ನಾಗೇಂದ್ರನ ಎದುರು, ನದಿ ಮತ್ತು ಸೇತುವೆ ಎಷ್ಟು ಹೊತ್ತು ಬಂದೀತು?

ಕೊನೆಗೆ ಅವನು ಕಳ್ಳಬೆಕ್ಕಿನಂತೆ ಒಂದು ಉಪಾಯ ಮಾಡಿದ. ಒಬ್ಬರಿಗೇ ಆದರೂ ಸರಿ, ಅವರಿಗೆ ಬೇಕಾದಂತೆ ಊರನ್ನು ನಡೆಸಿ ತೋರಿಸುವ ಗೈಡುಗಳಿದ್ದಾರೆಂದು ಅಂತರ್ಜಾಲದಲ್ಲಿ ಕಂಡ. ಶನಿವಾರಕ್ಕೆ ಒಬ್ಬನನ್ನು ಬುಕ್ ಮಾಡಿದ. ವೇದಾಳಿಗೆ "ಆಫೀಸ್ ಕೆಲಸ ಇದೆ" ಎಂದು ಹೇಳಿ ಬೆಳಿಗ್ಗೆ ರೈಲು ಹತ್ತಿದ.

ಗೈಡಿನ ಹೆಸರು ಕ್ರೇಗ್. ಅಗಲ ಟೋಪಿ, ಮೊಣಕಾಲಿನವರೆಗೆ ಸಾಕ್ಸು, ಬಿಸಿಲಿಗೆ ಕೆಂಪಾದ ಮೂಗು. ಹುಟ್ಟಿದ್ದೂ ಬೆಳೆದದ್ದೂ ಬ್ರಿಸ್ಬೇನಿನಲ್ಲೇ. ಸಿಟಿ ಹಾಲ್ ಕಟ್ಟಡದ ಗಡಿಯಾರ ಗೋಪುರದ ಕೆಳಗೆ ಕೈ ಕುಲುಕಿ ಕೇಳಿದ: "ಹೇಳು ಮೇಟ್, ನಿನಗೆ ಏನು ಇಷ್ಟ? ಇತಿಹಾಸವಾ, ಕಟ್ಟಡಗಳಾ, ಊಟ ತಿಂಡಿಯಾ?"

"ನನ್ನ ಷಡ್ಡಕನಿಗೆ ಗೊತ್ತಿಲ್ಲದ್ದೆಲ್ಲ ಬೇಕು" ಎಂದ ರಮಾಕಾಂತ್.

ಷಡ್ಡಕ ಎಂದರೇನು ಎಂದು ವಿವರಿಸಲು ಒಂದು ರಸ್ತೆಯಷ್ಟು ದೂರ ಹಿಡಿಯಿತು. ಎಲ್ಲ ಕೇಳಿ ಕ್ರೇಗ್ ಕೇಳಿದ: "ಅಂದರೆ ಅವನು ನೆಂಟನಾ, ಎದುರಾಳಿಯಾ?"

"ಎರಡೂ."

ಕ್ರೇಗ್ ಗಂಭೀರವಾಗಿ ತಲೆಯಾಡಿಸಿದ. ಅಲ್ಲಿಂದ ಶುರುವಾಯಿತು ನೋಡಿ. ಈ ಊರಿನಲ್ಲಿ ರಾಣಿಯರ ಹೆಸರಿನ ರಸ್ತೆಗಳೆಲ್ಲ ಒಂದು ದಿಕ್ಕಿಗೆ ಹೋಗುತ್ತವೆ, ರಾಜರ ಹೆಸರಿನವು ಅವಕ್ಕೆ ಅಡ್ಡಡ್ಡ ಹಾಯುತ್ತವೆ. ಎಲಿಜಬೆತ್, ಷಾರ್ಲೆಟ್, ಮೇರಿ ಒಂದು ಕಡೆ. ಜಾರ್ಜ್, ಆಲ್ಬರ್ಟ್, ಎಡ್ವರ್ಡ್ ಇನ್ನೊಂದು ಕಡೆ. "ಸಂಸಾರದ ನಕ್ಷೆಯೇ ಇದು!" ಎಂದು ರಮಾಕಾಂತ್ ಬೆರಗಾದ. ಆ ರಾಣಿಯರ ಸಾಲಿನಲ್ಲಿ ಅಡಿಲೇಡ್ ಕೂಡ ಇದ್ದಾಳೆ ಎಂದಾಗಲಂತೂ ನಡುರಸ್ತೆಯಲ್ಲೇ ಕುಣಿಯುವಷ್ಟು ಖುಷಿಯಾಯಿತು. ನಾಗೇಂದ್ರನ ಇಡೀ ಊರು ಇಲ್ಲಿ ಬರೀ ಒಂದು ರಸ್ತೆ!

ಏರು ಹತ್ತಿ ಹಳೆಯ ಗಾಳಿಗಿರಣಿ ನೋಡಿದರು. ಗಾಳಿ ಬೀಸದ ದಿನ ಕೈದಿಗಳು ಮೆಟ್ಟಿಲು ಮೆಟ್ಟಿಲಾಗಿ ಚಕ್ರ ತುಳಿದು ಹಿಟ್ಟು ಬೀಸಬೇಕಿತ್ತಂತೆ. ಆ ಬಿಳಿಯ ಗೋಡೆಯನ್ನು ಮುಟ್ಟಿದಾಗ ರಮಾಕಾಂತನ ತಮಾಷೆಯೆಲ್ಲ ಇಳಿದುಹೋಯಿತು. ಇಳಿದು ಬರುವಾಗ ಜಕರಂಡಾ ಮರಗಳು ಕಾಲುದಾರಿಗೆಲ್ಲ ನೇರಳೆ ಹೂ ಹಾಸಿದ್ದವು, ದೂರದಲ್ಲಿ ನದಿ ಹೊಳೆಯುತ್ತಿತ್ತು. ಇಷ್ಟು ಚೆಂದದ ಊರಿನ ಪಕ್ಕದಲ್ಲಿ ಒಂಬತ್ತು ವರ್ಷ ಮಲಗಿ ಎದ್ದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು. ವೇದಾ ಜೊತೆಗಿದ್ದಿದ್ದರೆ ಎಂದೂ ಅನ್ನಿಸಿತು. ನಾಳೆ ಅವಳಿಗೆ ತಾನೇ ತೋರಿಸುತ್ತೇನಲ್ಲ ಎಂದು ಸಮಾಧಾನ ಮಾಡಿಕೊಂಡ.

ಕ್ವೀನ್ ಸ್ಟ್ರೀಟಿಗೆ ಕಾಲಿಟ್ಟದ್ದೇ ತಡ, ಹಿಂದಿನಿಂದ ಕೂಗು ಬಂತು.

"ಓ ರಮಾಕಾಂತ್! ಎಂಥ ಮಾರಾಯ್ರೇ, ನೀವು ಇಲ್ಲಿ?"

ರಮಾಕಾಂತ್ ಮೆಲ್ಲನೆ ತಿರುಗಿದ. ಪಕ್ಕದ ಮನೆಯ ಗ್ರೆಗರಿ ಮತ್ತು ಲೂಸಿ. ಮಂಗಳೂರಿನವರು, ಕುವೈತಿನಲ್ಲಿ ಬಹಳ ವರ್ಷ ಇದ್ದು ಬಂದವರು, ಬಂಗಾರದಂಥ ಜನ. ಆದರೆ ಲೂಸಿ ಎಂದರೆ ಇಪ್ಸ್‌ವಿಚ್‌ನ ಆಕಾಶವಾಣಿ. ಒಂಬತ್ತು ವರ್ಷದಿಂದ ಇಲ್ಲೇ ಇದ್ದು ಊರು ನೋಡಲು ಗೈಡ್ ಇಟ್ಟುಕೊಂಡಿದ್ದಾನೆ ಎಂಬ ಸುದ್ದಿ ಅವಳ ಕಿವಿಗೆ ಬಿದ್ದರೆ ಸಂಜೆಯೊಳಗೆ ವೇದಾಳಿಗೆ, ರಾತ್ರಿಯೊಳಗೆ ನಾಗೇಂದ್ರನಿಗೆ.

"ಇವರು ಕ್ರೇಗ್ ಅಂತ, ನಮ್ಮ ಆಫೀಸಿಗೆ ಹೊಸಬರು" ಎಂದುಬಿಟ್ಟ ರಮಾಕಾಂತ್. "ಪರ್ತ್ ಬ್ರಾಂಚಿಂದ ಬಂದಿದಾರೆ. ಬ್ರಿಸ್ಬೇನ್ ಒಂಚೂರೂ ಗೊತ್ತಿಲ್ಲ ಪಾಪ. ನಾನೇ ಸಿಟಿ ತೋರಿಸ್ತಿದೀನಿ."

ಗ್ರೆಗರಿ ತಕ್ಷಣ ಇಂಗ್ಲಿಷಿಗೆ ತಿರುಗಿ ಕ್ರೇಗ್‌ನ ಕೈ ಹಿಡಿದ. "ಪರ್ತ್ ಹೇಗಿದೆ?"

ಕ್ರೇಗ್ ಒಂದು ಕ್ಷಣ ಮಿಕಿಮಿಕಿ ನೋಡಿದ. ಗ್ರೆಗರಿಯ ಹೆಗಲ ಹಿಂದೆ ರಮಾಕಾಂತ್ ಕೈ ಮುಗಿದು ನಿಂತಿದ್ದ, ಕಣ್ಣಲ್ಲಿ ನೀರೊಂದೇ ಬಾಕಿ. ಕ್ರೇಗ್‌ಗೆ ಅರ್ಥವಾಯಿತು. ಟೋಪಿ ತೆಗೆದು, ತನ್ನದೇ ಊರನ್ನು ಹೊಸದಾಗಿ ನೋಡುವವನಂತೆ ಸುತ್ತ ಕಣ್ಣಾಡಿಸಿದ.

"ಪರ್ತಿನಲ್ಲಿ ಬಿಸಿಲು ಮೇಟ್. ಇಲ್ಲಿ ಎಷ್ಟು ದೊಡ್ಡ ಕಟ್ಟಡಗಳಪ್ಪಾ!"

"ನಮಗೂ ಇವತ್ತು ಬೇರೆ ಕೆಲಸ ಇಲ್ಲ. ಇವಳ ಶೂ ಬದಲಿಸ್ಲಿಕ್ಕೆ ಬಂದದ್ದು, ಅದಾಯ್ತು" ಎಂದ ಗ್ರೆಗರಿ. "ನಾವೂ ಬರ್ತೇವೆ ನಿಮ್ಮೊಟ್ಟಿಗೆ. ಅಲ್ವಾ ಲೂಸಿ?"

"ಬೇಡ ಅಂದ್ರೂ ಬರ್ತೇವೆ" ಎಂದಳು ಲೂಸಿ.

ಹೀಗೆ ಗೈಡ್ ಪ್ರವಾಸಿಯಾದ, ಪ್ರವಾಸಿ ಗೈಡ್ ಆದ. ರಾಣಿಯರ ರಸ್ತೆ, ರಾಜರ ರಸ್ತೆ, ಗಾಳಿಗಿರಣಿ ಎಂದು ಬೆಳಿಗ್ಗೆ ಕೇಳಿದ್ದನ್ನು ರಮಾಕಾಂತ್ ಬಿಸಿಬಿಸಿಯಾಗಿ ಬಡಿಸಿದ. ಲೂಸಿ ಬಾಯಿ ಬಿಟ್ಟುಕೊಂಡು ಕೇಳಿದಳು. ಆದರೆ ಅಲ್ಲಿಗೆ ಅವನ ಪಾಠ ಮುಗಿದಿತ್ತು, ಊರು ಮುಗಿದಿರಲಿಲ್ಲ.

ನದಿಯ ಕಡೆ ಇಳಿದಾಗ ಕಲ್ಲಿನ ಒಂದು ಹಳೆಯ ಕಟ್ಟಡ ಎದುರಾಯಿತು. "ಇದೆಂಥದು ರಮಾಕಾಂತ್?" ಎಂದು ಗ್ರೆಗರಿ ಕೇಳಿದ. ರಮಾಕಾಂತ್ ಗಂಟಲು ಸರಿಮಾಡಿಕೊಂಡ. ಮತ್ತೊಮ್ಮೆ ಸರಿಮಾಡಿಕೊಂಡ.

"ತಡಿ" ಎಂದ ಕ್ರೇಗ್, "ಕೈದಿಗಳ ಕೈಯಲ್ಲಿ ಕಟ್ಟಿಸಿದ ಉಗ್ರಾಣ ಇಲ್ಲೆಲ್ಲೋ ಇದೆ ಅಂತ ನೀನು ರೈಲಿನಲ್ಲಿ ಹೇಳುತ್ತಿದ್ದೆಯಲ್ಲ, ಇದೇನಾ ಅದು?"

"ಅದೇ! ಅದೇ ಇದು!" ಎಂದು ರಮಾಕಾಂತ್ ಉಸಿರು ಬಿಟ್ಟ.

"ಇವರು ಒಮ್ಮೆ ಕೇಳಿದ್ದನ್ನು ಮರೆಯುದಿಲ್ಲ ನೋಡಿ, ಈ ಪರ್ತಿನವರು" ಎಂದು ಲೂಸಿ ಮೆಚ್ಚಿಕೊಂಡಳು.

ಹೀಗೆ ಕ್ರೇಗ್ ಪ್ರಶ್ನೆಯ ಒಳಗೇ ಉತ್ತರ ಇಟ್ಟು ಕೊಡುತ್ತ ಹೋದ. ನದಿ ಉಕ್ಕಿ ಊರನ್ನು ಮುಳುಗಿಸಿದ್ದು ಒಂದೇ ಸಲ ಅಲ್ಲವಂತೆ, ಹೌದಾ? ಹೌದು. ಮುಳುಗಿದ ಮೇಲೆ ಜನ ಪೊರಕೆ, ಬಕೆಟ್ಟು ಹಿಡಿದುಕೊಂಡು ಗುರುತಿಲ್ಲದವರ ಮನೆಯ ಕೆಸರು ತೊಳೆಯಲು ಬಂದರಂತೆ, ನಿಜವಾ? ನಿಜ. ಹೀಗೆ ಹೇಳುವಾಗ ಕ್ರೇಗ್‌ನ ದನಿ ಸ್ವಲ್ಪ ಒದ್ದೆಯಾಯಿತು. ತನ್ನೂರಿನ ಮೇಲೆ ಇಷ್ಟು ಪ್ರೀತಿ ಇಟ್ಟುಕೊಂಡು ಅದನ್ನು ಕಾಣದವನಂತೆ ನಟಿಸುತ್ತಿರುವ ಆ ಮನುಷ್ಯನ ಮೇಲೆ ರಮಾಕಾಂತನಿಗೆ ಗೌರವ ಉಕ್ಕಿ ಬಂತು.

ಆದರೆ ಕ್ರೇಗ್‌ಗೆ ನಡುನಡುವೆ ತುಂಟತನವೂ ಬರುತ್ತಿತ್ತು. ಬೊಟಾನಿಕ್ ಗಾರ್ಡನ್ನಿನಲ್ಲಿ ಎಲ್ಲರೂ ಬೆಂಚಿನ ಮೇಲೆ ಕೂತಾಗ, ಹತ್ತಿರ ಬಂದ ಉದ್ದ ಕೊಕ್ಕಿನ ಬಿಳಿ ಹಕ್ಕಿಯನ್ನು ತೋರಿಸಿ ಕೇಳಿದ: "ಇದರ ಸ್ವಭಾವ ಹೇಗೆ ಮೇಟ್?" ಈ ಸಲ ಉತ್ತರವನ್ನು ಒಳಗಿಟ್ಟಿರಲಿಲ್ಲ.

ರಮಾಕಾಂತ್ ವೇದಾ ಕಟ್ಟಿಕೊಟ್ಟಿದ್ದ ಚಪಾತಿ ಸುರುಳಿಯನ್ನು ಕೈಯಲ್ಲಿ ಹಿಡಿದು ಅಧಿಕಾರದಿಂದ ಹೇಳಿದ: "ಇದು ಐಬಿಸ್. ಬಹಳ ಸಂಕೋಚದ ಹಕ್ಕಿ. ಮನುಷ್ಯರ ಹತ್ತಿರ..."

ಮಾತು ಮುಗಿಯುವ ಮೊದಲೇ ಸಂಕೋಚದ ಹಕ್ಕಿ ಚಪಾತಿಯನ್ನು ಕಿತ್ತುಕೊಂಡು ಕಸದ ಡಬ್ಬಿಯ ಮೇಲೆ ಹೋಗಿ ಕೂತಿತು. ಗ್ರೆಗರಿ ನಕ್ಕು ನಕ್ಕು ಬೆಂಚಿನಿಂದ ಜಾರಿದ. ರಮಾಕಾಂತನ ಮಾನ ಉಳಿಸಿದ್ದು ಪಕ್ಕದಲ್ಲಿದ್ದ ದೊಡ್ಡ ಮರ. ಇಳಿಬಿದ್ದ ಬಿಳಲುಗಳನ್ನು ನೋಡಿ, "ಇದು ಮಾತ್ರ ನನಗೆ ಗೊತ್ತು, ಇದು ನಮ್ಮ ಆಲದ ಮರದ ಬಳಗ" ಎಂದು ಬಿಳಲೊಂದನ್ನು ಹಿಡಿದು ತೂಗಿದ. ಚಿಕ್ಕಂದಿನಲ್ಲಿ ಮೈಸೂರಿನಲ್ಲಿ ಹೀಗೆಯೇ ಜೋತಾಡಿ ಬಿದ್ದು ಹಲ್ಲು ಮುರಿದುಕೊಂಡ ಕತೆ ಹೇಳಿದ. ಇಡೀ ದಿನದಲ್ಲಿ ಅವನು ಎರವಲಿಲ್ಲದೆ ಹೇಳಿದ್ದು ಅದೊಂದೇ, ಎಲ್ಲರಿಗೂ ಬಹಳ ಹಿಡಿಸಿದ್ದೂ ಅದೇ.

ಬೀಳ್ಕೊಡುವಾಗ ಲೂಸಿ, "ಇಷ್ಟು ವರ್ಷ ನಿಮ್ಮನ್ನು ಪಕ್ಕದಲ್ಲಿ ಇಟ್ಟುಕೊಂಡು ನಮಗೆ ಗೊತ್ತೇ ಆಗ್ಲಿಲ್ಲ ಮಾರಾಯ್ರೇ" ಎಂದಳು. ಅವರು ಮರೆಯಾದ ಮೇಲೆ ರಮಾಕಾಂತ್ ಕ್ರೇಗ್‌ನ ಎರಡೂ ಕೈ ಹಿಡಿದುಕೊಂಡ. "ಹೋಗು ಮೇಟ್, ನಾಳೆ ನಿನ್ನ ಎದುರಾಳಿಯನ್ನು ಗೆಲ್ಲು" ಎಂದು ಕ್ರೇಗ್ ಬೆನ್ನು ತಟ್ಟಿದ.

ಮನೆ ಬಾಗಿಲು ತೆಗೆದಾಗ ಏಲಕ್ಕಿಯ ಘಮ ಬಂತು. ವೇದಾ ಶಾವಿಗೆ ಪಾಯಸ ಮಾಡಿದ್ದಳು. ಕಣ್ಣು ಹೊಳೆಯುತ್ತಿದ್ದವು.

"ಲೂಸಿ ಫೋನ್ ಮಾಡಿದ್ರು. ಎಲ್ಲಾ ಹೇಳಿದ್ರು. ರೀ, ನಿಮಗೆ ಇಷ್ಟೆಲ್ಲಾ ಗೊತ್ತಿತ್ತಾ? ಯಾಕ್ರೀ ನನ್ನ ಹತ್ರ ಒಂದಿನಾನೂ ಬಾಯಿ ಬಿಡ್ಲಿಲ್ಲ?"

ರಮಾಕಾಂತ್ ಮೊದಲ ಚಮಚ ಪಾಯಸ ಬಾಯಿಗಿಟ್ಟು ವಿನಯದಿಂದ ನಕ್ಕ. ಹತ್ತು ತಿಂಗಳ ಮುಳ್ಳು ತಾನಾಗಿಯೇ ಕಳಚಿ ಬಿದ್ದಂತೆ ಅನ್ನಿಸಿತು. "ನಾಗೇಂದ್ರನ ಅಡಿಲೇಡಿಗಿಂತ ಏನು ಕಡಿಮೆ ನಮ್ಮ ಬ್ರಿಸ್ಬೇನ್?" ಎಂದ.

"ಅಯ್ಯೋ, ಭಾವಂಗೆ ಅಡಿಲೇಡ್ ಏನ್ರೀ ಗೊತ್ತು!" ಎಂದಳು ವೇದಾ. "ಅವತ್ತು ಅವರು ನಮಗೋಸ್ಕರ ಒಬ್ಬ ಗೈಡ್ ಬುಕ್ ಮಾಡಿದ್ರು. ನಮಗೇ ಅಂತ ಒಬ್ರು. ಎಲ್ಲಾ ಅವನೇ ಹೇಳಿದ್ದು. ಭಾವ ನಮ್ಮ ಜೊತೆ ಬಾಯಿ ಬಿಟ್ಕೊಂಡು ಕೇಳ್ತಿದ್ರು ಅಷ್ಟೆ."

ಚಮಚ ನಡುದಾರಿಯಲ್ಲಿ ನಿಂತಿತು.

"ನೀವು ಅವತ್ತು ಜೊತೆಗಿಲ್ಲ ಅಂತ ಒಂದೇ ನನಗೆ ಬೇಜಾರು. ನಮ್ಮೂರಲ್ಲೂ ಒಬ್ಬ ಗೈಡ್ ಇಟ್ಕೊಂಡು ನಾವಿಬ್ರೇ ಒಂದಿನ ಕೈಕೈ ಹಿಡ್ಕೊಂಡು ಸುತ್ತೋಣ ಅಂತ ಎಷ್ಟು ಸಲ ಹೇಳೋಕೆ ಬಂದೆ! ಅಷ್ಟರಲ್ಲಿ ನೀವು ಲಾನಿಗೆ ನೀರು ಬಿಡೋಕೆ ಹೋಗ್ಬಿಡ್ತಿದ್ರಿ."

ರಮಾಕಾಂತ್ ಚಮಚವನ್ನು ಬಟ್ಟಲಿಗೆ ಇಳಿಸಿದ. ಅವಳು ಕೇಳಿದ್ದು ಒಂದು ಗೈಡು, ಒಂದು ದಿನ, ಒಬ್ಬ ಗಂಡ. ಗೈಡನ್ನೂ ದಿನವನ್ನೂ ಅವನು ಇವತ್ತೇ ಖರ್ಚು ಮಾಡಿ ಬಂದಿದ್ದ, ಅವಳೊಬ್ಬಳನ್ನು ಬಿಟ್ಟು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಈಗಲೇ ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದ. ಆದರೆ ಆ ಮುಖದಲ್ಲಿದ್ದ ಹೆಮ್ಮೆಯನ್ನು ಅವನು ಮದುವೆಯಾದಾಗಿನಿಂದ ಕಂಡಿರಲಿಲ್ಲ. ತೆರೆದ ಬಾಯಿಗೆ ಇನ್ನೊಂದು ಚಮಚ ಪಾಯಸ ಹಾಕಿಕೊಂಡ.

"ನಾಳೆಗೂ ಭಾವ ಇಲ್ಲೇ ಯಾರೋ ಗೈಡ್ ಬುಕ್ ಮಾಡಿದಾರಂತೆ, ನಮಗೆಲ್ಲ ಸರ್‌ಪ್ರೈಸ್ ಅಂತ, ಅಕ್ಕ ಫೋನಲ್ಲಿ ಬಾಯಿ ಬಿಟ್ಲು" ಎಂದಳು ವೇದಾ. "ನಾನು ಬಿಡ್ತೀನಾ? ನಮ್ಮನೆಯವರು ಇರುವಾಗ ಗೈಡ್ ಯಾಕೆ ಅಂತ ಅಂದೆ. ಈಗ ಕ್ಯಾನ್ಸಲ್ ಮಾಡೋಕಾಗಲ್ವಂತೆ. ಬರಲಿ ಬಿಡಿ ಪಾಪ, ನೀವು ಹೇಳೋದನ್ನ ಅವನೂ ಕೇಳಿ ಕಲೀಲಿ. ಲೂಸಿ, ಗ್ರೆಗರೀನೂ ಬರ್ತಾರೆ."

ರಮಾಕಾಂತನ ಜೇಬಿನಲ್ಲಿ ಫೋನ್ ಕುಂಯ್ ಎಂದಿತು. ಕ್ರೇಗ್‌ನ ಮೆಸೇಜು.

'ಮೇಟ್, ಈಗಷ್ಟೇ ನಾಳೆಯ ಬುಕಿಂಗ್ ನೋಡಿದೆ. ಅಡಿಲೇಡಿನ ನಾಗೇಂದ್ರ ಎಂಬವರು. "ಜೊತೆಗೆ ನನ್ನ ಹೆಂಡತಿಯ ತಂಗಿಯ ಗಂಡ ರಮಾಕಾಂತ್ ಬರುತ್ತಾರೆ, ಅವರಿಗೆ ಊರು ಏನೂ ಗೊತ್ತಿಲ್ಲ, ದಯವಿಟ್ಟು ನಿಧಾನವಾಗಿ ವಿವರಿಸಿ" ಎಂದು ಬರೆದಿದ್ದಾರೆ. ಒಂದೇ ಪ್ರಶ್ನೆ. ನಾಳೆಯೂ ನಾನು ಪರ್ತಿನಿಂದಲೇ ಬರಬೇಕಾ?'

"ಯಾರ್ರೀ ಅದು?" ಎಂದಳು ವೇದಾ.

ರಮಾಕಾಂತ್ ಬಟ್ಟಲು ಕೆಳಗಿಟ್ಟು, ಬಾಗಿಲು ತೆಗೆದು ಹೊರಗೆ ಹೋಗಿ, ಪೈಪು ಹಿಡಿದು ಲಾನಿಗೆ ನೀರು ಬಿಡತೊಡಗಿದ.

"ರೀ!" ಎಂದು ವೇದಾ ಕಿಟಕಿಯಿಂದ ಕೂಗಿದಳು. "ಮಳೆ ಬರ್ತಿದೆ ಕಣ್ರೀ!"