ಕಿವಿಗೆ ಹಿಡಿದು ಅಲ್ಲಾಡಿಸಿದ ಕೈಗಡಿಯಾರ

ತಿಪಟೂರಿನಲ್ಲಿ ಯಾವ ವಸ್ತುವನ್ನೂ ಒಬ್ಬರೇ ಕೊಳ್ಳಲು ಸಾಧ್ಯವಿಲ್ಲ. ನೀವು ಮನಸ್ಸು ಮಾಡುವಷ್ಟರಲ್ಲಿ ಮನೆಯವರು ಬೇಡವೆಂದಿರುತ್ತಾರೆ, ನೆಂಟರು ಬೇರೆಯದೇ ಸಲಹೆ ಕೊಟ್ಟಿರುತ್ತಾರೆ, ಅಂಗಡಿಯವನು ನಿಮ್ಮ ಹಳೆಯ ಶಿಷ್ಯನಾಗಿರುತ್ತಾನೆ. ಅರವತ್ತನೆಯ ವಯಸ್ಸಿನಲ್ಲಿ ನಾನೊಂದು ಕೈಗಡಿಯಾರ ಕೊಳ್ಳಹೊರಟಾಗ ಈ ಮೂರೂ ಆದವು. ಅವುಗಳ ಜೊತೆಗೆ ಇನ್ನೂ ಕೆಲವು ಆದವು. ನಡೆದ ಕ್ರಮದಲ್ಲಿಯೇ ಬರೆದಿದ್ದೇನೆ. ನನಗೆ ಮುಖಭಂಗವಾದ ಕಡೆಗಳನ್ನೂ ಬಿಟ್ಟಿಲ್ಲ, ಅವು ಎರಡೇ.

ಅಗತ್ಯ ಮತ್ತು ಬಯಕೆ

ಮೂವತ್ತೈದು ವರ್ಷ ಕಾಲೇಜಿನಲ್ಲಿ ಅರ್ಥಶಾಸ್ತ್ರ ಬೋಧಿಸಿದವಳು ನಾನು. ಪ್ರತಿ ವರ್ಷದ ಮೊದಲ ತರಗತಿಯನ್ನು ಒಂದೇ ವಾಕ್ಯದಿಂದ ಆರಂಭಿಸುತ್ತಿದ್ದೆ: ಅಗತ್ಯ ಬೇರೆ, ಬಯಕೆ ಬೇರೆ. ಉದಾಹರಣೆಗೆ ಎಡಗೈಯನ್ನೆತ್ತಿ ನನ್ನ ಗಡಿಯಾರವನ್ನೇ ತೋರಿಸುತ್ತಿದ್ದೆ. ಗಂಟೆ ತಿಳಿಯುವುದು ಅಗತ್ಯ. ಪಟ್ಟಿ ಚಿನ್ನದ್ದಾಗಿರಲಿ ಎಂಬುದು ಬಯಕೆ.

ಆ ವರ್ಷಗಳಲ್ಲಿ ನಾನು ಕಟ್ಟಿದ ಗಡಿಯಾರಗಳೆಲ್ಲ ಬ್ಯಾಟರಿಯವು. ಅವುಗಳಲ್ಲಿ ಒಂದನ್ನೂ ನಾನು ಆರಿಸಿದ್ದಲ್ಲ. ಮೊದಲನೆಯದು ಮದುವೆಯಲ್ಲಿ ಸೋದರಮಾವ ಕಟ್ಟಿದ್ದು. ಎರಡನೆಯದು ವಿಮೆಯ ಏಜೆಂಟರೊಬ್ಬರು ಕೊಟ್ಟಿದ್ದು. ಮೂರನೆಯದು ಒಂದು ಸಂಘದ ಬೆಳ್ಳಿಹಬ್ಬದ ನೆನಪಿನ ಕಾಣಿಕೆ. ಅದರ ಮುಖದ ಮೇಲೆ ಸಂಘದ ಅಧ್ಯಕ್ಷರ ಭಾವಚಿತ್ರವಿತ್ತು. ಏಳು ವರ್ಷ ನಾನು ಅವರ ಮೀಸೆಯ ಮೇಲೆ ಗಂಟೆ ನೋಡಿದ್ದೇನೆ.

ಆದ್ದರಿಂದ ನಿವೃತ್ತಿಯಾದ ವಾರವೇ ಒಂದು ನಿರ್ಧಾರಕ್ಕೆ ಬಂದೆ. ಬ್ಯಾಟರಿಯಿಲ್ಲದ, ಒಳಗಿನ ಸ್ಪ್ರಿಂಗು ಮತ್ತು ಹಲ್ಲುಚಕ್ರಗಳ ಬಲದಿಂದಲೇ ನಡೆಯುವ ಒಂದು ಕೈಗಡಿಯಾರ ನನಗೆ ಬೇಕು. ಅದನ್ನು ನಾನೇ ಆರಿಸಬೇಕು. ಬೇರೆ ಯಾರ ಕೈಯೂ ಅದರಲ್ಲಿ ಇರಕೂಡದು.

ನಮ್ಮ ಮನೆಯವರು ತೆಂಗಿನ ತೋಟದವರು. ದೇಹ ಎಲ್ಲಿದ್ದರೂ ಅವರ ಮನಸ್ಸು ಅಟ್ಟದ ಮೇಲೆ ಒಣಗುತ್ತಿರುವ ಕಾಯಿಗಳ ನಡುವೆ ಇರುತ್ತದೆ. ಊಟಕ್ಕೆ ಕುಳಿತಾಗ ವಿಷಯ ತಿಳಿಸಿದೆ.

"ಕೆಲ್ಸಕ್ಕೆ ಹೋಗೋವಾಗ ಬ್ಯಾಟ್ರಿ ವಾಚೇ ಸಾಕಾಗಿತ್ತು. ಈಗ ಮನೇಲಿರೋಳಿಗೆ ಕೀಲಿ ವಾಚ್ ಯಾಕೆ ಕಣೇ?" ಎಂದರು.

"ಇದು ಅಗತ್ಯವಲ್ಲ, ಬಯಕೆ," ಎಂದೆ.

ಅವರು ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದರು. "ಏನೇ ನೀನು, ಎಲ್ಲಾರೂ ಪರೀಕ್ಷೆ ಮುಗ್ಸಿ ಪೇಪರ್ ಕೊಟ್ಟು ಮನೆಗೆ ಹೋದ್ಮೇಲೆ ಟೈಮೆಷ್ಟು ಅಂತ ಕೇಳ್ತಾ ಇದ್ದೀಯಲ್ಲೇ!"

ಎರಡು ಸಂಬಂಧಗಳು

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಗಡಿಯಾರ ರಿಪೇರಿಯ ಅಂಗಡಿಯೊಂದಿದೆ. ಅದರ ಯಜಮಾನ ನನ್ನ ಶಿಷ್ಯ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಇನ್ನೊಂದರಿಂದ ನಮಸ್ಕಾರ ಮಾಡುವವನು. ನಾನು ಬಂದ ಕಾರಣ ಕೇಳಿ, ವೆಲ್ವೆಟ್ ಬಟ್ಟೆಯ ಮೇಲೆ ಎರಡು ಗಡಿಯಾರಗಳನ್ನು ಇಟ್ಟ.

ಮೊದಲನೆಯದು ತೆಳ್ಳಗಿತ್ತು. ಕೆನೆಬಣ್ಣದ ಮುಖ, ನೀಲಿ ಮುಳ್ಳುಗಳು, ಅಂಕಿಗಳಿಗೆ ಬದಲಾಗಿ ಸಣ್ಣ ಗೆರೆಗಳು. ಅನಗತ್ಯವಾದ ಒಂದೇ ಒಂದು ಚುಕ್ಕೆ ಅದರಲ್ಲಿರಲಿಲ್ಲ. ನೋಡಿದ ಕೂಡಲೇ ಇದು ನನ್ನದು ಎನಿಸಿತು. ಕೈಗೆ ಕಟ್ಟಿ ನೋಡಿ ಮತ್ತೆ ಬಟ್ಟೆಯ ಮೇಲಿಟ್ಟೆ, ಮುಖದಲ್ಲಿ ತೋರಗೊಡಲಿಲ್ಲ.

"ಇದು ಕೈಯಿಂದ ಕೀಲಿ ಕೊಡೋದು ಮೇಡಂ. ದಿನಾ ಬೆಳಿಗ್ಗೆ ಮರೀದೆ ಕೊಡ್ಬೇಕು. ನೀರು ತಾಕ್ಬಾರ್ದು. ಕೆಳಗೆ ಬೀಳ್ಬಾರ್ದು. ಪಂಪ್‌ಸೆಟ್ ಮೋಟ್ರು ಹತ್ರ ಇಡ್ಬಾರ್ದು. ಇಷ್ಟೆಲ್ಲ ಮಾಡಿದ್ರೂ ದಿನಕ್ಕೆ ಅರ್ಧ ನಿಮಿಷ ಹಿಂದೆ ಮುಂದೆ ಆಗ್ತದೆ."

"ಇದ್ಕಿಂತ ಇನ್ನೊಂದು ಸೊಸೆ ತರೋದೇ ಸಲೀಸು," ಎಂದರು ಜೊತೆಗೆ ಬಂದಿದ್ದ ಮನೆಯವರು.

ಎರಡನೆಯದು ದಪ್ಪನೆಯದು, ಗಟ್ಟಿಮುಟ್ಟಾದದ್ದು. ಅದಕ್ಕೆ ಕೀಲಿ ಕೊಡುವ ತಾಪತ್ರಯವಿಲ್ಲ. ಕೈ ಆಡಿದಾಗ ಒಳಗಿನ ಬಿಲ್ಲೆಯೊಂದು ತಿರುಗಿ ಸ್ಪ್ರಿಂಗನ್ನು ತಾನೇ ಸುತ್ತುತ್ತದೆ. ನೀರಿಗೆ ಅಂಜುವುದಿಲ್ಲ.

"ಇದನ್ನೇ ತಗೊಳ್ಳಿ ಮೇಡಂ. ಅದು ಬಯಕೆ, ಇದು ಅಗತ್ಯ. ನೀವೇ ಹೇಳ್ಕೊಟ್ಟಿದ್ದು. ಎಕನಾಮಿಕ್ಸ್‌ನಲ್ಲಿ ನಂಗೆ ನೆನಪಿರೋದು ಅದೊಂದೇ."

"ಬಲ್ಲೆ. ನಿನ್ನ ಉತ್ತರಪತ್ರಿಕೆಯನ್ನು ತಿದ್ದಿದವಳು ನಾನೇ," ಎಂದೆ.

ಅವನು ಕುಗ್ಗಲಿಲ್ಲ. "ಒಂದೇ ಒಂದು ವಿಷ್ಯ. ಕೈ ಸುಮ್ನಿದ್ರೆ ಇದು ಒಂದೂವರೆ ದಿನಕ್ಕೆ ನಿಂತೋಗ್ತದೆ. ನೀವು ಕೈ ಆಡಿಸ್ತೀರಾ?"

"ಪಾಠ ಮಾಡುವಾಗ ಧಾರಾಳವಾಗಿ ಆಡಿಸುತ್ತಿದ್ದೆ."

"ಈಗ ಯಾರಿಗೆ ಪಾಠ ಮಾಡ್ತೀರಿ ಮೇಡಂ?"

ನಾನು ಉತ್ತರಿಸುವ ಮೊದಲೇ ಹಿಂದಿನಿಂದ ನಮ್ಮ ಮನೆಯವರ ದನಿ ಬಂತು: "ಅದ್ರ ಚಿಂತೆ ಬುಡಪ್ಪ, ನಾನಿದ್ದೀನಲ್ಲ."

ನಮ್ಮ ಸೀಮೆಯ ಪರೀಕ್ಷೆ

ಹೊರಗಿನವರಿಗಾಗಿ ಒಂದು ಮಾತು ಹೇಳಬೇಕು. ನಮ್ಮಲ್ಲಿ ಕೊಬ್ಬರಿಗೆ ಆರಿಸಿದ ತೆಂಗಿನಕಾಯಿಯನ್ನು ಸಿಪ್ಪೆಸಮೇತ ಹನ್ನೊಂದು ತಿಂಗಳು ಅಟ್ಟದ ಮೇಲೆ ಇಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಆಯಿತೋ ಇಲ್ಲವೋ ಎಂದು ತಿಳಿಯಲು ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ಗೊಟಗೊಟ ಎಂದರೆ ಕೊಬ್ಬರಿ ಸಿದ್ಧ. ಸದ್ದಿಲ್ಲದಿದ್ದರೆ ಅದು ಮರಳಿ ಅಟ್ಟದ ಮೂಲೆಗೆ.

ತಲೆಮಾರುಗಳಿಂದ ಈ ಕೆಲಸ ಮಾಡಿದವರ ಕೈ ಬೇರೆ ವಸ್ತುಗಳನ್ನೂ ಸುಮ್ಮನೆ ಬಿಡುವುದಿಲ್ಲ. ಟಾರ್ಚು, ಬೆಂಕಿಪೆಟ್ಟಿಗೆ, ಮದುವೆಯಲ್ಲಿ ಬಂದ ಉಡುಗೊರೆಯ ಡಬ್ಬ, ಎಲ್ಲವೂ ನಮ್ಮಲ್ಲಿ ಮೊದಲು ಕಿವಿಯ ಬಳಿಗೆ ಹೋಗುತ್ತವೆ. ನಮ್ಮ ಬೀದಿಯವರೊಬ್ಬರು ಮೊಬೈಲನ್ನೂ ಹಾಗೆಯೇ ಪರೀಕ್ಷಿಸಿ, ಸದ್ದಿಲ್ಲವೆಂದು ಬೇರೆ ಅಂಗಡಿಗೆ ಹೋಗಿದ್ದರು.

ಮನೆಯವರ ಕೈ ತೆಳ್ಳನೆಯ ಗಡಿಯಾರದ ಕಡೆಗೆ ಹೊರಟಿತು. ಅಂಗಡಿಯವನು ಅದನ್ನು ಥಟ್ಟನೆ ಎತ್ತಿ ಗಾಜಿನ ಒಳಗಿಟ್ಟ. ಅವರು ದಪ್ಪನೆಯದನ್ನು ತೆಗೆದುಕೊಂಡು, ಕಿವಿಗೆ ಹಿಡಿದು, ಕಣ್ಣು ಮುಚ್ಚಿ ಅಲ್ಲಾಡಿಸಿದರು. ಒಳಗಿನ ಬಿಲ್ಲೆ ಗುರ್‍ರೆಂದು ತಿರುಗಿತು. ಅವರ ಮುಖ ಅರಳಿತು.

"ಆಗೈತೆ ಕಣಪ್ಪ ಇದು! ಒಳ್ಗೆ ಚೆನ್ನಾಗಿ ಬುಟ್ಕೊಂಡೈತೆ!"

ಮಗುಚಿ ನೋಡಿದರು. ಬೆನ್ನಿಗೆ ಗಾಜು ಹಾಕಿತ್ತು. ಗಾಜಿನಡಿ ಬಿಲ್ಲೆ ತೂಗುತ್ತಿತ್ತು. ಅರ್ಧಚಂದ್ರಾಕೃತಿ, ಹೆಚ್ಚುಕಡಿಮೆ ಒಂದು ಕೊಬ್ಬರಿ ಹೋಳೇ. ಅವರು ಅದನ್ನು ನನಗೆ ತೋರಿಸಿದರು. ಅವರ ಮಟ್ಟಿಗೆ ಆಯ್ಕೆ ಮುಗಿದಿತ್ತು.

ಅಂಗಡಿಯವನು ನಿಟ್ಟುಸಿರಿಟ್ಟ. "ಇಪ್ಪತ್ತು ವರ್ಷದಿಂದ ಈ ಊರಲ್ಲಿ ಅಂಗಡಿ ಇಟ್ಟಿದ್ದೀನಿ ಮೇಡಂ. ವಾಚ್‌ನ ಕೈಗೆ ಕಟ್ಕೊಂಡು ನೋಡಿದ ಗಿರಾಕಿ ನೀವೊಬ್ರೇ."

ಸಮಯಪಾಲನೆಯ ಭಾಷಣ

ಹದಿನೈದು ದಿನ ಕಟ್ಟಿ ನೋಡಿ ಹೇಳಿ ಎಂದು ಅವನು ದಪ್ಪನೆಯದನ್ನೇ ನನ್ನ ಕೈಗೆ ಕೊಟ್ಟು ಕಳುಹಿಸಿದ್ದ. ನಿವೃತ್ತಳಾದ ಮೇಲೆ ಓದಬೇಕೆಂದು ಎತ್ತಿಟ್ಟ ದಪ್ಪ ಪುಸ್ತಕಗಳಿದ್ದವು. ಎರಡು ದಿನ ಕುರ್ಚಿ ಬಿಟ್ಟೇಳದೆ ಓದಿದೆ.

ಮೂರನೆಯ ದಿನ ತುರುವೇಕೆರೆಯ ಶಾಲೆಯೊಂದರಲ್ಲಿ ನನ್ನ ಭಾಷಣವಿತ್ತು. ಹತ್ತು ಗಂಟೆಗೆ ಕಾರ್ಯಕ್ರಮ. ಬೆಳಿಗ್ಗೆ ಒಂದು ಅಧ್ಯಾಯ ಮುಗಿಸಿ ಕೈ ನೋಡಿದೆ. ಎಂಟೂ ಇಪ್ಪತ್ತು. ಸಮಾಧಾನದಿಂದ ಇನ್ನೊಂದು ಅಧ್ಯಾಯ ಓದಿ ನೋಡಿದೆ. ಎಂಟೂ ಇಪ್ಪತ್ತು. ನಿವೃತ್ತಿಯ ನಂತರ ನನ್ನ ಓದಿನ ವೇಗ ಹೆಚ್ಚಿದೆಯೆಂದು ಒಳಗೊಳಗೇ ಹೆಮ್ಮೆಪಟ್ಟು ಮೂರನೆಯದನ್ನು ತೆರೆದೆ.

ತುರುವೇಕೆರೆಯ ಬಸ್ಸಿನಿಂದಿಳಿದಾಗ ಹನ್ನೊಂದೂವರೆ. ಭಾಷಣದ ವಿಷಯ, ವಿದ್ಯಾರ್ಥಿ ಜೀವನದಲ್ಲಿ ಸಮಯಪಾಲನೆ. ಮೂವತ್ತೈದು ವರ್ಷದಲ್ಲಿ ಒಂದು ತರಗತಿಗೂ ಒಂದು ನಿಮಿಷ ತಡವಾಗದವಳು, ಕ್ಷಮೆಯಾಚನೆಯ ನಾಲ್ಕು ವಾಕ್ಯಗಳನ್ನು ದಾರಿಯುದ್ದಕ್ಕೂ ಕಟ್ಟಿ, ತಿದ್ದಿ, ಬಾಯಿಪಾಠ ಮಾಡಿ ಶಾಲೆಯ ಗೇಟು ದಾಟಿದೆ. ಸಂಚಾಲಕರು ಹಾರ ಹಿಡಿದು ಓಡಿಬಂದರು. ಮುಖದಲ್ಲಿ ಕೃತಜ್ಞತೆ ತುಳುಕುತ್ತಿತ್ತು.

"ಸರಿಯಾದ ಟೈಮಿಗೆ ಬಂದ್ರಿ ಮೇಡಂ! ಈಗಷ್ಟೇ ಶಾಮಿಯಾನದೋನು ಕುರ್ಚಿ ಇಳಿಸ್ದ. ಹೋದ್ ವರ್ಷ ನೀವು ಹತ್ತು ಗಂಟೆಗೇ ಬಂದ್ಬುಟ್ಟು ನಮಗೆ ಎಷ್ಟು ತೊಂದ್ರೆ ಆಯ್ತು ಗೊತ್ತಾ?"

ಕಂದಿಕೆರೆಯ ಅಕ್ಕ

ಈ ಸಂಗತಿ ಹೇಗೋ ಕಂದಿಕೆರೆಗೆ ತಲುಪಿ, ಅಲ್ಲಿರುವ ನಮ್ಮ ಮನೆಯವರ ಅಕ್ಕ ವಿಚಾರಿಸಿಕೊಳ್ಳಲು ಬಂದರು. ಗಡಿಯಾರವನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರು. ತಲೆದೂಗಿದರು. ನಡೆಯದೆ ಕುಳಿತರೆ ನಿಲ್ಲುತ್ತದೆಯೆಂದು ವಿವರಿಸಿದೆ.

"ಅದ್ಕೇನಂತೆ? ನಮ್ಮ ಮೇಕೆ ಕತ್ತಿಗೆ ಕಟ್ಟು. ದಿನವಿಡೀ ಗುಡ್ಡದ ಮೇಲೆ ಓಡಾಡ್ತದೆ, ಎಲ್ಲೀ ನಿಲ್ತದೆ ನಿನ್ ವಾಚು? ಸಂಜೆ ಮನೆಗೆ ಬಂದಾಗ ಬಿಚ್ಕೊಂಡು ಗಂಟೆ ನೋಡ್ಕೊ."

ಸಲಹೆಯಲ್ಲಿ ತರ್ಕವಿತ್ತು, ಒಪ್ಪಿಕೊಳ್ಳಲೇಬೇಕು. ಆದರೆ ಅವರೇ ಸ್ವಲ್ಪ ಯೋಚಿಸಿ ಅದನ್ನು ಹಿಂತೆಗೆದುಕೊಂಡರು.

"ಬ್ಯಾಡ ಬುಡು. ಮೇಕೆ ಮನೆಗೆ ಬಂತು ಅಂದ್ರೇ ಆರು ಗಂಟೆ. ಅಷ್ಟ್ಕೆ ವಾಚ್ ಯಾಕೆ?"

ಅಟ್ಟದ ಮೇಲೆ

ತುರುವೇಕೆರೆಯ ಪ್ರಸಂಗದ ನಂತರ ಗಡಿಯಾರ ಒಮ್ಮೆಯೂ ನಿಲ್ಲಲಿಲ್ಲ. ನಾನು ಕುರ್ಚಿಯಲ್ಲಿಯೇ ಕುಳಿತು ಎರಡು ಸಂಪುಟ ಮುಗಿಸಿದೆ. ಅದು ನಡೆಯುತ್ತಲೇ ಇತ್ತು, ನಿಮಿಷವೂ ತಪ್ಪದೆ. ನನ್ನ ಕೈಗಳಲ್ಲಿ ನಾನೇ ಅರಿಯದ ಚೈತನ್ಯವಿದೆಯೆಂದು ತೀರ್ಮಾನಿಸಿದೆ. ಅಂಗಡಿಯವನಿಗೆ ಫೋನ್ ಮಾಡಿ, "ನಿನ್ನ ಸಂದೇಹ ನಿರಾಧಾರವಾದದ್ದು," ಎಂದೂ ತಿಳಿಸಿದೆ.

ಆದರೆ ಇದರಿಂದ ನನ್ನ ಸಂಕಟ ಹೆಚ್ಚಾಯಿತು. ದಪ್ಪನೆಯದು ಎಲ್ಲ ಪರೀಕ್ಷೆಯಲ್ಲೂ ತೇರ್ಗಡೆಯಾಗಿತ್ತು. ನನ್ನದೇ ಪಾಠದ ಪ್ರಕಾರ ನಾನು ಅದನ್ನೇ ಕೊಳ್ಳಬೇಕು. ಕಣ್ಣು ಮುಚ್ಚಿದರೆ ಕಾಣುತ್ತಿದ್ದುದು ಮಾತ್ರ ಕೆನೆಬಣ್ಣದ ಮುಖ ಮತ್ತು ನೀಲಿ ಮುಳ್ಳುಗಳು. ಕೊನೆಗೂ ನನ್ನ ಪಾಲಿಗೆ ಬರುವುದು ಇನ್ನೊಬ್ಬರು ಒಪ್ಪಿದ ಗಡಿಯಾರವೇ ಎಂದು ಮನಸ್ಸು ಸಣ್ಣಗಾಗುತ್ತಿತ್ತು.

ಹದಿನೈದನೆಯ ದಿನ ಬೆಳಿಗ್ಗೆ ಸ್ನಾನ ಮುಗಿಸಿ ಬಂದೆ. ಗೂಡಿನಲ್ಲಿ ಬಿಚ್ಚಿಟ್ಟಿದ್ದ ಗಡಿಯಾರವಿಲ್ಲ. ಅಟ್ಟಕ್ಕೆ ಏಣಿ ಹಾಕಿತ್ತು. ಮೇಲಿನಿಂದ ಗೊಟಗೊಟ ಸದ್ದು ಬಂತು. ಸ್ವಲ್ಪ ಬಿಟ್ಟು ಇನ್ನೊಂದು ಗೊಟಗೊಟ. ಆಮೇಲೆ ಸ್ಪಷ್ಟವಾಗಿ, ದೀರ್ಘವಾಗಿ, ಗುರ್‍ರ್.

ನಾಲ್ಕು ಮೆಟ್ಟಿಲು ಹತ್ತಿ ಇಣುಕಿದೆ. ಕಾಯಿಗಳ ರಾಶಿಯ ನಡುವೆ ಮನೆಯವರು ಚಕ್ಕಂಬಕ್ಕಳ ಹಾಕಿ ಕುಳಿತಿದ್ದರು. ಎಡಗೈಯಲ್ಲಿ ಒಂದು ಕಾಯಿ, ಬಲಗೈಯಲ್ಲಿ ನನ್ನ ಗಡಿಯಾರ.

"ಏನು ಮಾಡುತ್ತಿದ್ದೀರಿ?"

"ಕಾಯಿ ನೋಡ್ತಾ ಇದ್ದೆ."

"ಬಲಗೈಯಲ್ಲಿರುವುದು ಕಾಯಿಯೆ?"

ಅವರು ಕಾಯಿಯನ್ನು ಕೆಳಗಿಟ್ಟರು. "ತುರುವೇಕೆರೆಗೆ ಲೇಟಾಗಿ ಹೋದೆ ಅಂತ ಮೂರು ದಿನ ನೀನು ಸರ್ಯಾಗಿ ಉಣ್ಲೇ ಇಲ್ಲ. ಅದ್ಕೆ ದಿನಾ ಬೆಳಿಗ್ಗೆ ತಂದು ಒಂದೈನೂರು ಸಲ ಆಡಿಸಿ ಇಟ್ಬುಡ್ತಿದ್ದೆ. ನಿಂಗೇನು ಹೇಳೋದು ಅಂತ ಹೇಳ್ಲಿಲ್ಲ."

ನನ್ನ ಕೈಗಳ ಚೈತನ್ಯದ ಮೂಲ ತಿಳಿಯಿತು. ಏಣಿಯ ಮೇಲೆ ನಿಂತೇ ಸ್ವಲ್ಪ ಯೋಚಿಸಿದೆ. ಕೋಪ ಬರಬೇಕಾಗಿತ್ತು. ಬದಲಿಗೆ ಬಹಳ ಹಗುರವೆನಿಸಿತು.

"ನಿಮ್ಮ ಕೈಯಿಂದ ನಡೆಯುವುದು ನಿಮ್ಮ ಗಡಿಯಾರ. ಅದು ನಿಮಗೇ ಇರಲಿ. ನಾನು ಹೋಗಿ ನನ್ನದನ್ನು ತರುತ್ತೇನೆ," ಎಂದೆ.

ಅವರು ಬೇಡವೆನ್ನುತ್ತಾರೆಂದು ಕಾದೆ. ಆಗಲೇ ಪಟ್ಟಿ ಬಿಗಿದುಕೊಂಡು ಮಣಿಕಟ್ಟನ್ನು ಅತ್ತ ಇತ್ತ ತಿರುಗಿಸಿ ನೋಡುತ್ತಿದ್ದರು. "ಇಂಥದ್ದೊಂದು ಬೇಕೇ ಬೇಕಿತ್ತು ಕಣೇ, ತೋಟದ ಕೆಲ್ಸಕ್ಕೆ."

ಪಾಠದ ಎರಡನೆಯ ಭಾಗ

ಎರಡೂ ಗಡಿಯಾರಗಳ ಹಣವನ್ನು ಮೇಜಿನ ಮೇಲಿಟ್ಟು ತೆಳ್ಳನೆಯದನ್ನು ಕೇಳಿದೆ. ಅಂಗಡಿಯವನು ಭೂತಗನ್ನಡಿ ತೆಗೆದು ಎರಡೂ ಕಣ್ಣುಗಳಿಂದ ನನ್ನನ್ನು ನೋಡಿದ.

"ಮೇಡಂ, ಅದು ಬಯಕೆ ಅಲ್ವಾ?"

"ಹೌದು. ಅಗತ್ಯಗಳು ತೀರಿದ ಮೇಲೆ ಅದರ ಸರದಿ ಬರುತ್ತದೆ. ಆ ತರಗತಿಗೆ ನೀನು ಬಂದಿರಲಿಲ್ಲ."

ಮರುದಿನ ಬೆಳಿಗ್ಗೆ ಕಿಟಕಿಯ ಬಳಿ ಕುಳಿತು, ಮೊದಲ ಬಾರಿಗೆ, ಎರಡು ಬೆರಳುಗಳ ನಡುವೆ ಆ ಸಣ್ಣ ಕೀಲಿಯನ್ನು ತಿರುಗಿಸಿದೆ. ಬಿಗಿಯಾದದ್ದು ಬೆರಳಿಗೆ ತಿಳಿಯಿತು. ನೀಲಿ ಮುಳ್ಳು ಹೊರಟಿತು. ನಾನೇ ಆರಿಸಿದ್ದು, ನನ್ನ ಕೈಯಿಂದಲೇ ನಡೆದದ್ದು. ಅದನ್ನು ಮೇಜಿನ ಮೇಲಿಟ್ಟು, ಕಾಫಿ ತರಲು ಒಳಗೆ ಹೋದೆ. ಎರಡು ನಿಮಿಷವೂ ಆಗಿರಲಿಲ್ಲ.

ಬಂದು ನೋಡುತ್ತೇನೆ, ಮನೆಯವರು ಮೇಜಿನ ಬಳಿ ನಿಂತು, ತಲೆ ಓರೆ ಮಾಡಿ, ನನ್ನ ಗಡಿಯಾರವನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದಾರೆ. ಒಮ್ಮೆ, ಇನ್ನೊಮ್ಮೆ, ಕೊನೆಗೆ ಮತ್ತೊಂದು ಕಿವಿಗೆ ಹಿಡಿದು ಮಗದೊಮ್ಮೆ. ತೂಗುವ ಬಿಲ್ಲೆ ಅದರಲ್ಲಿ ಇಲ್ಲವಾದ್ದರಿಂದ ಯಾವ ಸದ್ದೂ ಬರಲಿಲ್ಲ. ಅವರ ಮುಖ ಗಂಭೀರವಾಯಿತು. ಗಡಿಯಾರವನ್ನು ಜೋಪಾನವಾಗಿ ನನ್ನ ಅಂಗೈಯಲ್ಲಿಟ್ಟು, ಭುಜ ತಟ್ಟಿದರು.

"ಬೇಜಾರ್ ಮಾಡ್ಕಬ್ಯಾಡ ಕಣೇ. ಮಾಲು ಒಳ್ಳೇದೇ, ಆದ್ರೆ ಇನ್ನೂ ಎಳೇದು. ಹನ್ನೊಂದು ತಿಂಗ್ಳು ಅಟ್ಟದ ಮೇಲೆ ಇಡು, ಆಯ್ತದೆ."