ಬಾಸ್ ಡೆಡ್

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಎರಡೇ ಎರಡು ಪದ. ಛತ್ರಿ ಕಂಪನಿಯ ಉಗ್ರಾಣದ ಗುಮಾಸ್ತ ಅವನ್ನು ಬೆಳಗ್ಗೆ ಒಂಬತ್ತೂವರೆಗೆ, ಒಂದೇ ಕಾಲಿಗೆ ಕಾಲುಚೀಲ ಹಾಕಿಕೊಂಡು ನಿಂತು, ಆಫೀಸಿನ ಮೊಬೈಲ್ ಗ್ರೂಪಿಗೆ ಬರೆದು ಹಾಕಿದ.

ಅವನು ಬರೆದದ್ದು ತನ್ನ ಬಾಸ್ ಗಿಟಾರಿನ ಬಗ್ಗೆ. ನಾಲ್ಕು ದಪ್ಪ ತಂತಿಗಳ ಕರೆಂಟಿನ ಗಿಟಾರ್ ಅದು. ಹಾಡಿನ ತಳದಲ್ಲಿ ಗುಂಯ್ ಗುಂಯ್ ಎನ್ನುತ್ತಿರುತ್ತದೆ. ಇದ್ದಾಗ ಯಾರೂ ಗಮನಿಸುವುದಿಲ್ಲ, ಇಲ್ಲದಿದ್ದಾಗ ಏನೋ ಕಮ್ಮಿಯಾಯಿತಲ್ಲ ಎನ್ನುತ್ತಾರೆ. ಆಫೀಸಿನಲ್ಲಿ ಗುಮಾಸ್ತನ ಸ್ಥಿತಿಯೂ ಹೆಚ್ಚುಕಮ್ಮಿ ಹಾಗೇ ಇತ್ತು. ಹನ್ನೊಂದು ವರ್ಷದಿಂದ ಅದೇ ಕುರ್ಚಿ, ಅದೇ ಛತ್ರಿ ಹಿಡಿಕೆಗಳ ಲೆಕ್ಕ.

ಅವತ್ತು ಸಂಜೆ ಕಂಪನಿಯ ವಾರ್ಷಿಕೋತ್ಸವ. ಉಗ್ರಾಣದ ಹೊಸ ಮೇಲ್ವಿಚಾರಕ ಯಾರು ಎಂಬುದನ್ನು ವೇದಿಕೆಯ ಮೇಲೇ ಹೇಳುತ್ತೇನೆ ಎಂದು ಮ್ಯಾನೇಜರು ತಿಳಿಸಿದ್ದರು. ಇದ್ದವರು ಇಬ್ಬರೇ: ಒಂದೋ ಗುಮಾಸ್ತ, ಇಲ್ಲವೇ ಕ್ಯಾಷಿಯರ್. ಮಾತಿನಲ್ಲಿ ಕ್ಯಾಷಿಯರನ್ನು ಮೀರಿಸುವವರಿಲ್ಲ. ಗುಮಾಸ್ತನಿಗೆ ಬಾಯಿಲ್ಲ, ಬೆರಳಿತ್ತು. ಆ ವೇದಿಕೆಯಲ್ಲಿ ಚೆನ್ನಾಗಿ ಬಾರಿಸಿ ಮ್ಯಾನೇಜರ ಕಣ್ಣಿಗೆ ಬೀಳಬೇಕೆಂದು ಮೂರು ತಿಂಗಳಿಂದ ಅಭ್ಯಾಸ ಮಾಡಿ ಹೆಂಡತಿಯ ತಲೆ ಚಿಟ್ಟು ಹಿಡಿಸಿದ್ದ.

ಅಂಥ ದಿನವೇ ಗಿಟಾರಿಗೆ ವೈರ್ ಚುಚ್ಚಿ, ಆಂಪ್ಲಿಫೈಯರ್ ಹಾಕಿ, ತಂತಿ ಮೀಟಿದರೆ ಉಸಿರೇ ಇಲ್ಲ. ಗಾಬರಿಯಲ್ಲಿ ಬರೆದ: "ಬಾಸ್ ಡೆಡ್. ಬೆಳಗ್ಗೆಯಿಂದ ಸದ್ದೇ ಇಲ್ಲ. ಸಂಜೆ ಕಾರ್ಯಕ್ರಮ ಕಷ್ಟ."

'ಸತ್ತಿದೆ' ಎಂದು ಬರೆದಿದ್ದರೆ ಯಾವುದೋ ವಸ್ತು ಎಂದಾಗುತ್ತಿತ್ತು. 'ಸತ್ತಿದ್ದಾರೆ' ಎಂದಿದ್ದರೆ ಮಾತ್ರ ಮನುಷ್ಯರು. ಪುಣ್ಯಾತ್ಮ ಅವಸರಕ್ಕೆ 'ಡೆಡ್' ಎಂದು, ವ್ಯಾಕರಣ ಕೊಟ್ಟ ಕಾವಲನ್ನು ತಾನೇ ಕೈಯಾರೆ ತೆಗೆದುಹಾಕಿದ. ಆ ವಾದ್ಯಕ್ಕೆ ಬಾಸ್ ಎನ್ನುತ್ತಾರೆಂಬುದು ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಜೊತೆಯಲ್ಲಿ ಹಾಡುವ ಟೈಪಿಸ್ಟಮ್ಮ ಕೂಡ ಅದನ್ನು 'ಆ ದಪ್ಪ ಗಿಟಾರ್' ಎನ್ನುತ್ತಿದ್ದರು. ಎಲ್ಲರಿಗೂ ಗೊತ್ತಿದ್ದ ಬಾಸ್ ಒಬ್ಬರೇ, ಮ್ಯಾನೇಜರು. ಅವರೂ ಗ್ರೂಪಿನಲ್ಲಿದ್ದರು. ಆದರೆ ಯಾವತ್ತೂ ಒಂದಕ್ಷರ ಬರೆದವರಲ್ಲವಾದ್ದರಿಂದ, ಅವರು ಅಲ್ಲಿರುವುದೇ ಜನಕ್ಕೆ ಮರೆತುಹೋಗಿತ್ತು.

ಕ್ಯಾಷಿಯರ್ ತಕ್ಷಣ ಮ್ಯಾನೇಜರ ನಂಬರಿಗೆ ಫೋನ್ ಮಾಡಿದ. ಅವರು ಯಾರಿಗೂ ಹೇಳದೆ ದವಡೆ ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದರು. ಬಾಯಿ ತುಂಬ ಹತ್ತಿ. ಫೋನ್ ಎತ್ತಿ "ಊಂ... ಊಂಊಂ..." ಎಂದರು. ಕ್ಯಾಷಿಯರ್ ಫೋನ್ ಇಟ್ಟು, ಕನ್ನಡಕ ತೆಗೆದು, ಸುತ್ತ ನಿಂತವರಿಗೆ ಹೇಳಿದ: "ಮನೆಯವರು ಎತ್ತಿದ್ರು. ಪಾಪ, ಅಳು ಬಿಟ್ರೆ ಮಾತೇ ಬರ್ತಿಲ್ಲ."

ಇದ್ಯಾವುದೂ ತಿಳಿಯದ ಗುಮಾಸ್ತ ಗಿಟಾರ್, ಆಂಪ್ಲಿಫೈಯರ್ ಎರಡನ್ನೂ ಹೊತ್ತುಕೊಂಡು ರೇಡಿಯೋ ಮಾವನ ಅಂಗಡಿಗೆ ಓಡಿದ. ರೇಡಿಯೋ ಕಾಲ ಮುಗಿದರೂ ಹೆಸರು ಉಳಿಸಿಕೊಂಡಿದ್ದ ಈ ರಿಪೇರಿಯ ಹಿರಿಯ, ಬೀದಿಯವರಿಗೆಲ್ಲ ಮಾವ. ದಾರಿಯಲ್ಲಿ ಮೊಬೈಲ್ ನೋಡಿದರೆ ಮೇಲಿಂದ ಮೇಲೆ ಸಂದೇಶ: "ಅಯ್ಯೋ ದೇವರೇ." "ನಂಬಕ್ಕೇ ಆಗ್ತಿಲ್ಲ." "ನಿನ್ನೆ ಸಂಜೆವರೆಗೂ ಚೆನ್ನಾಗಿದ್ರಲ್ಲ." ತನ್ನ ಗಿಟಾರಿನ ಮೇಲೆ ಸಹೋದ್ಯೋಗಿಗಳಿಗೆ ಇಷ್ಟೊಂದು ಪ್ರೀತಿಯೇ ಎಂದು ಗುಮಾಸ್ತ ಗಿಟಾರನ್ನು ಇನ್ನಷ್ಟು ಅವುಚಿಕೊಂಡ. 'ಚೆನ್ನಾಗಿದ್ರಲ್ಲ' ಎಂದು ಬಹುವಚನ ಬೇರೆ ಕೊಟ್ಟಿದ್ದಾರೆ, ಎಂಥ ಸಂಸ್ಕಾರ ಎಂದುಕೊಂಡ.

"ವೈರ್ ಬದಲಾಯಿಸಿ ನೋಡಿದ್ಯಾ?" ಎಂದರು ಮಾವ.

"ಎರಡು ವೈರ್ ಹಾಕಿ ನೋಡ್ದೆ ಮಾವ. ಆಂಪ್ಲಿಫೈಯರಿಗೆ ಮೈಕ್ ಚುಚ್ಚಿದ್ರೆ ಚೆನ್ನಾಗೇ ಮಾತಾಡುತ್ತೆ."

"ಹಾಗಾದ್ರೆ ಗಿಟಾರಿನ ಹೊಟ್ಟೇಲೇ ಏನೋ ಆಗಿದೆ. ಮಲಗಿಸು."

ಪಕ್ಕದ ಅಂಗಡಿಯ ಕ್ಷೌರಿಕ, ಅರ್ಧ ಗಡ್ಡ ಹೆರೆದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಬಂದು ನಿಂತ. "ಎರಡೇಟು ಹಾಕಿ ಮಾವ. ನಮ್ಮನೆ ಟಿವಿ ಹಾಗೇ ಸರಿಹೋಗಿದ್ದು," ಎಂದ. ಸ್ವಲ್ಪ ಹೊತ್ತಿಗೆ ಗಿರಾಕಿಯೂ ಅರ್ಧ ನೊರೆಯೊಂದಿಗೆ ಬಂದು, ತಂತಿಗೆ ಎಣ್ಣೆ ಬಿಟ್ಟರೆ ಹೇಗೆ ಎಂದು ಕೇಳಿದ.

ಅಷ್ಟರಲ್ಲಿ ಗ್ರೂಪಿನಲ್ಲಿ ಟೈಪಿಸ್ಟಮ್ಮ, "ಏನಾಗಿತ್ತಂತೆ?" ಎಂದು ಕೇಳಿದ್ದರು. ಗುಮಾಸ್ತ ಬರೆದ: "ಇನ್ನೂ ಗೊತ್ತಿಲ್ಲ. ಬಿಚ್ಚಿ ನೋಡ್ತಿದ್ದಾರೆ. ನಾನೂ ಪಕ್ಕದಲ್ಲೇ ಇದ್ದೀನಿ."



ಮಾವ ಹಿಂಬದಿಯ ತಿರುಪುಗಳನ್ನೆಲ್ಲ ಬಿಚ್ಚಿ, ಮುಚ್ಚಳ ಎತ್ತಿ, ಬೆಸುಗೆ ಬಿಟ್ಟಿದೆಯೇ ಎಂದು ಒಂದೊಂದೇ ವೈರನ್ನು ಎಳೆದು ನೋಡಿದರು. ಮರದ ಕತ್ತಿನ ಉದ್ದಕ್ಕೂ ಕಣ್ಣು ಕಿರಿದು ಮಾಡಿ ನೋಡಿ ತಲೆಯಾಡಿಸಿದರು. ಅವರು ಹೇಳಿದ್ದನ್ನೆಲ್ಲ ಗುಮಾಸ್ತ ನಿಷ್ಠೆಯಿಂದ ಗ್ರೂಪಿಗೆ ರವಾನಿಸಿದ: "ಹೊರಗೆ ಮಾತ್ರ ಪಾಲಿಶ್. ಒಳಗೆಲ್ಲ ಧೂಳು, ತುಕ್ಕು. ಕತ್ತು ಬೇರೆ ಸೊಟ್ಟ. ಇಷ್ಟು ವರ್ಷ ಹೇಗೆ ಸಹಿಸಿಕೊಂಡೆನೋ."

ಕೊನೆಗೆ, ಹೊತ್ತು ಇಳಿಯುವಾಗ, ಮಾವ ಒಂದು ಪುಟ್ಟ ಚೌಕದ ಬ್ಯಾಟರಿಯನ್ನು ಈಚೆಗೆ ಎಳೆದು, ನಾಲಿಗೆಗೆ ತಾಗಿಸಿ ನೋಡಿದರು. "ಸಪ್ಪೆ. ಇದರೊಳಗೆ ಬ್ಯಾಟರಿ ಇರೋದು ನಿನಗೆ ಗೊತ್ತಾ?"

"ಇಲ್ಲ ಮಾವ."

"ಎಷ್ಟು ವರ್ಷದಿಂದ ಬಾರಿಸ್ತಿದ್ದೀಯ?"

ಗುಮಾಸ್ತ ಬ್ಯಾಟರಿಯ ದುಡ್ಡಿಗೆ ಜೇಬು ತಡಕಿದ. ಹೊಸ ಬ್ಯಾಟರಿ ಹಾಕಿ ತಂತಿ ಮೀಟುತ್ತಲೇ ಗುಂಯ್ ಎಂಬ ಸದ್ದಿಗೆ ಅಂಗಡಿಯ ಕಪಾಟಿನ ಗಾಜು ನಡುಗಿತು. ಕ್ಷೌರಿಕ ಚಪ್ಪಾಳೆ ತಟ್ಟಿದ. ಗುಮಾಸ್ತನಿಗೆ ಕುಣಿಯುವಷ್ಟು ಸಂತೋಷವಾಯಿತು. ಆಗಲೇ ಹೆಂಡತಿಯ ಫೋನ್ ಬಂತು.

"ಏನ್ರೀ, ನಿಮ್ಮ ಬಾಸ್ ತೀರಿಹೋದ್ರಂತೆ, ನನಗೊಂದು ಮಾತು ಹೇಳಬಾರದಾ?"

ಗುಮಾಸ್ತ ಗಿಟಾರನ್ನು ಕೆಳಗಿಟ್ಟ. "ಬಾಸ್ ಹೋದ್ರಾ? ಯಾರು ಹೇಳಿದ್ದು?"

"ನೀವೇ ಅಂತೆ. ಬೆಳಗ್ಗೆಯಿಂದ ಹೆಣದ ಪಕ್ಕದಲ್ಲೇ ಕೂತಿದ್ದೀರಂತೆ. ಟೈಪಿಸ್ಟಮ್ಮ ಫೋನ್ ಮಾಡಿ ಅತ್ತರು."

ಗುಮಾಸ್ತ ಗ್ರೂಪು ತೆರೆದು ಮೊದಲಿನಿಂದ ಓದಿದ. ಓದುತ್ತ ಓದುತ್ತ ಮಾವನ ಸ್ಟೂಲಿನ ಮೇಲೆ ಕುಸಿದು ಕೂತ. ಪಾಲಿಶ್, ತುಕ್ಕು, ಸೊಟ್ಟ ಕತ್ತು ಎಲ್ಲ ಅಲ್ಲೇ ಇದ್ದವು. ಕೆಳಗೆ ಕ್ಯಾಷಿಯರ್ ಬರೆದಿದ್ದ: "ಸತ್ತವರ ಬಗ್ಗೆ ಹೀಗೆಲ್ಲ ಬರೆಯುವುದು ಶೋಭೆಯಲ್ಲ. ನಮ್ಮ ಬಾಸ್ ದೇವರಂಥ ಮನುಷ್ಯ." ಆಮೇಲೆ ನಲವತ್ತು ಜನ ಸಾಲಾಗಿ 'ದೇವರಂಥ ಮನುಷ್ಯ' ಎಂದಿದ್ದರು.

ಕ್ಯಾಷಿಯರಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಗ್ರೂಪಿನಲ್ಲಿ ತಿದ್ದಿ ಬರೆಯಲು ಹೊರಟರೆ, ಅಸಭ್ಯವಾಗಿ ಬರೆದವನೆಂದು ಅವನನ್ನು ಆಚೆ ಹಾಕಿಯಾಗಿತ್ತು.

"ಮಾವ, ನನ್ನ ಬಡ್ತಿ ಹೋಯ್ತು. ಕೆಲಸವೂ ಹೋಗುತ್ತೆ. ನೀವು ಬಂದು ಸಾಕ್ಷಿ ಹೇಳ್ಬೇಕು," ಎಂದ ಗುಮಾಸ್ತ, ಅಳುವುದೊಂದು ಬಾಕಿ. ಮಾವ ಸತ್ತ ಬ್ಯಾಟರಿಯನ್ನು ಸಾಕ್ಷ್ಯವೆಂದು ಜೇಬಿಗೆ ಹಾಕಿಕೊಂಡರು. ಕ್ಷೌರಿಕ ತಾನೂ ಬರುತ್ತೇನೆಂದ. ಗಿರಾಕಿಗೆ ಬೇರೆ ದಾರಿ ಇರಲಿಲ್ಲ, ಉಳಿದರ್ಧ ಗಡ್ಡ ಕ್ಷೌರಿಕನ ಕೈಯಲ್ಲಿತ್ತು.

ನಾಲ್ವರೂ ಸಭಾಂಗಣ ತಲುಪುವ ಹೊತ್ತಿಗೆ ವಾರ್ಷಿಕೋತ್ಸವ ಸಂತಾಪ ಸಭೆಯಾಗಿತ್ತು. ವೇದಿಕೆಯ ತುಂಬ ಕಂಪನಿಯದೇ ಕಪ್ಪು ಛತ್ರಿಗಳನ್ನು ಬಿಡಿಸಿಟ್ಟಿದ್ದರು. ಮ್ಯಾನೇಜರ ಫೋಟೋಗೆ ಹಾರ. ಮೈಕಿನ ಮುಂದೆ ಕ್ಯಾಷಿಯರ್ ಕರ್ಚೀಫು ಹಿಂಡುತ್ತಿದ್ದ: "ಅವರು ನಮ್ಮನ್ನು ಬೈದದ್ದುಂಟೇ? ಇಲ್ಲ. ತಿದ್ದಿದ್ದು. ಇನ್ನು ನಮ್ಮನ್ನು ತಿದ್ದುವವರು ಯಾರು?"

ಪಕ್ಕದ ಬಾಗಿಲಿನಿಂದ ಮ್ಯಾನೇಜರು ಒಳಗೆ ಬಂದರು.

ಕೆನ್ನೆ ಊದಿತ್ತು, ಗದ್ದದಿಂದ ನೆತ್ತಿಗೆ ಬಟ್ಟೆ ಕಟ್ಟಿತ್ತು. ಟೈಪಿಸ್ಟಮ್ಮ ಕಿರುಚಿ ಛತ್ರಿಗಳ ಮೇಲೆ ಬಿದ್ದರು. ಕ್ಯಾಷಿಯರ್ ಮೈಕು ಬಿಟ್ಟು ಮೂರು ಹೆಜ್ಜೆ ಹಿಂದೆ ಹೋದ. ಮ್ಯಾನೇಜರು ತಮ್ಮ ಫೋಟೋದ ಹಾರವನ್ನು ಸರಿಮಾಡಿ ಮೈಕಿನ ಮುಂದೆ ನಿಂತರು.

"ಬೆಳಗ್ಗೆಯಿಂದ ಗ್ರೂಪ್ ಓದ್ತಾ ಕೂತಿದ್ದೆ," ಎಂದರು. ಅರ್ಧ ಬಾಯಿ ಮರಗಟ್ಟಿದ್ದರಿಂದ ಒಂದೊಂದು ಮಾತಿಗೂ ನಿಂತು ನಿಂತು ಹೇಳಬೇಕಿತ್ತು. "ನಲವತ್ತು ಜನ ನನ್ನನ್ನ ದೇವರು ಅಂದಿದ್ದೀರಿ." ಕೆನ್ನೆ ಹಿಡಿದುಕೊಂಡರು. "ಒಬ್ಬ ಮಾತ್ರ, ಹೊರಗೆ ಪಾಲಿಶ್, ಒಳಗೆ ತುಕ್ಕು ಅಂದಿದ್ದಾನೆ." ಮತ್ತೆ ನಿಂತರು. "ಆ ಒಬ್ಬ..."

ಗುಮಾಸ್ತನಿಗೆ ಇನ್ನು ತಡೆಯಲಾಗಲಿಲ್ಲ. "ಸಾರ್, ಅದು ನಿಮ್ಮ ಬಗ್ಗೆ ಅಲ್ಲ ಸಾರ್," ಎನ್ನುತ್ತ ಗಿಟಾರ್ ಎತ್ತಿಕೊಂಡು ವೇದಿಕೆಗೆ ನುಗ್ಗಿದ. "ಇದರ ಹೆಸರೇ ಬಾಸ್. ಕೆಟ್ಟುಹೋಗಿದ್ದು ಇದು. ಇವರು ರಿಪೇರಿ ಮಾಡಿದ್ದು."

ಮಾವ ಬ್ಯಾಟರಿ ಎತ್ತಿ ತೋರಿಸಿದರು. ಕ್ಷೌರಿಕ ಕಣ್ಣಾರೆ ಕಂಡೆ ಎಂದ. ಗಿರಾಕಿ ಅರ್ಧ ಗಡ್ಡ ಸವರಿಕೊಂಡು ಹೌದೆಂದು ತಲೆಯಾಡಿಸಿದ. ಗುಮಾಸ್ತ ವೈರ್ ಚುಚ್ಚಿ ಒಂದು ಸಲ ಗುಂಯ್ ಎನ್ನಿಸಿದ. ಸಾಕ್ಷ್ಯದಲ್ಲಿ ಎಳ್ಳಷ್ಟೂ ಲೋಪವಿರಲಿಲ್ಲ.

ಮ್ಯಾನೇಜರು ತುಂಬ ಹೊತ್ತು ಗಿಟಾರನ್ನೇ ನೋಡಿದರು. "ಹಾಗಾದ್ರೆ ನೀನು ನನ್ನ ಬಗ್ಗೆ ಏನೂ ಅಂದಿಲ್ಲ?"

"ಅಮ್ಮನಾಣೆ ಇಲ್ಲ ಸಾರ್. ಒಂದೇ ಒಂದು ಮಾತೂ ಇಲ್ಲ," ಎಂದ ಗುಮಾಸ್ತ, ಗೆದ್ದ ಉತ್ಸಾಹದಲ್ಲಿ.

ಮ್ಯಾನೇಜರು ಜೇಬಿನಿಂದ ಒಂದು ಆದೇಶಪತ್ರ ತೆಗೆದು ಬಿಡಿಸಿದರು. ಅದರಲ್ಲಿ ಮೇಲ್ವಿಚಾರಕ ಎಂಬುದರ ಮುಂದೆ ಗುಮಾಸ್ತನ ಹೆಸರು ದುಂಡಗೆ ಬರೆದಿತ್ತು.

"ಇಡೀ ಆಫೀಸಲ್ಲಿ ಸತ್ಯ ಹೇಳೋ ಗಂಡಸು ಒಬ್ಬನಾದ್ರೂ ಇದ್ದಾನಲ್ಲ ಅಂತ ಮಧ್ಯಾಹ್ನ ಬರೆದದ್ದು," ಎಂದರು. ಪೆನ್ನು ತೆಗೆದು ಆ ಹೆಸರನ್ನು ನಿಧಾನವಾಗಿ ಹೊಡೆದುಹಾಕಿದರು. "ಅಂಥವನು ಯಾರೂ ಇಲ್ಲ ಅಂದ್ಮೇಲೆ, ಸುಳ್ಳನ್ನ ಚೆನ್ನಾಗಿ ಹೇಳೋನೇ ಇರಲಿ. ಕ್ಯಾಷಿಯರ್, ಬಾರಯ್ಯ ಇಲ್ಲಿ."

ಕ್ಯಾಷಿಯರ್ ಕಣ್ಣೊರೆಸಿಕೊಳ್ಳುತ್ತಲೇ ಬಂದ. ಈ ಸಲ ನಿಜವಾದ ಕಣ್ಣೀರು. ಜನ ಚಪ್ಪಾಳೆ ತಟ್ಟಿದರು, ಛತ್ರಿಗಳ ನಡುವಿನಿಂದ ಟೈಪಿಸ್ಟಮ್ಮನನ್ನು ಎತ್ತಿ ಕೂರಿಸಿದರು.

ಮ್ಯಾನೇಜರು ಗುಮಾಸ್ತನತ್ತ ತಿರುಗಿದರು. "ರಿಪೇರಿ ಆಗಿದೆಯಲ್ಲ? ಸುಮ್ನೆ ಯಾಕೆ ನಿಂತಿದ್ದೀಯ. ಹೊಸ ಮೇಲ್ವಿಚಾರಕರ ಗೌರವಕ್ಕೆ ಒಂದು ಬಾರಿಸು."

ಗುಮಾಸ್ತ ಬಾರಿಸಿದ. ಅಷ್ಟು ಚೆನ್ನಾಗಿ ಅವನು ಹಿಂದೆಂದೂ ಬಾರಿಸಿರಲಿಲ್ಲ ಎಂದು ಎಲ್ಲರಿಗಿಂತ ಮೊದಲು ಹೇಳಿದವನು ಕ್ಯಾಷಿಯರ್.